ಬಣ್ಣದ ಜೊತೆ ಬಂದ ತೂಕ

30.7, 28.3, 26.4. ಸಸ್ಯವಿಜ್ಞಾನಿ ಕಾರ್ಲ್ ಸ್ಯಾಕ್ಸ್ 1923ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಗೆ ಬರೆದ ಲೇಖನದ ತಿರುಳು ಈ ಮೂರು ಅಂಕಿಗಳಲ್ಲಿದೆ. ಬೀನ್ಸ್ ಕಾಳಿನ ಸರಾಸರಿ ತೂಕವದು, ಸೆಂಟಿಗ್ರಾಂ ಲೆಕ್ಕದಲ್ಲಿ. ದಪ್ಪ ಕಾಳಿನ ಬಣ್ಣದ ತಳಿಯನ್ನು ಸಣ್ಣ ಕಾಳಿನ ಬಿಳಿ ತಳಿಯೊಡನೆ ಸಂಕರಿಸಿ, ಎರಡನೆಯ ಪೀಳಿಗೆಯ 166 ಗಿಡಗಳನ್ನು ಅವರು ಬಣ್ಣದ ಜೀನಿನ ಪ್ರಕಾರ ಮೂರು ಗುಂಪು ಮಾಡಿದರು. ಆ ಜೀನಿನ ಎರಡು ಪ್ರತಿ ಇದ್ದ ಗಿಡಗಳ ಕಾಳು ಹೆಚ್ಚು ಭಾರ, ಒಂದು ಪ್ರತಿ ಇದ್ದವು ನಡುವೆ, ಒಂದೂ ಇಲ್ಲದ ಬಿಳಿಯವು ಹಗುರ.

ಇದರ ಬೆಲೆ ತಿಳಿಯಲು ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸೆನ್ ಅವರನ್ನು ನೆನೆಯಬೇಕು. ಒಂದೇ ಶುದ್ಧ ತಳಿಯೊಳಗೆ ದಪ್ಪ ಕಾಳನ್ನೇ ಆರಿಸಿ ಬಿತ್ತಿದರೂ ಮುಂದಿನ ಬೆಳೆಯ ಕಾಳು ದಪ್ಪವಾಗುವುದಿಲ್ಲವೆಂದು 1903ರಲ್ಲಿ ಅವರು ಇದೇ ಬೀನ್ಸಿನಲ್ಲಿ ತೋರಿಸಿದ್ದರು. ಮಣ್ಣು, ನೀರು, ಬಿಸಿಲು ಕಾಳಿನ ಗಾತ್ರವನ್ನು ಅಷ್ಟು ಕಲಸಿಬಿಡುತ್ತವೆ. ಆ ಕಲಸುಮೇಲೋಗರದೊಳಗಿಂದ ಸ್ಯಾಕ್ಸ್ ಒಂದು ಎಳೆಯನ್ನು ಹಿಡಿದೆಳೆದರು. ಡಿಎನ್‌ಎ ರಚನೆ ಗೊತ್ತಿಲ್ಲದ ಕಾಲದಲ್ಲಿ ತಕ್ಕಡಿ ಮತ್ತು ಕಣ್ಣು ಇಷ್ಟು ದೂರ ಒಯ್ದದ್ದು ನಿಜಕ್ಕೂ ದೊಡ್ಡದು.

ಆದರೆ ತೂಕದ ಜೀನಿನ ಕೇರಿ ಸಿಕ್ಕಿತು, ಮನೆ ಸಿಗಲಿಲ್ಲ. ಒಂದು ಪ್ರತಿಗೆ ಸುಮಾರು 2 ಸೆಂಟಿಗ್ರಾಂ ಹೆಚ್ಚುತ್ತದೆ, ನಿಜ. ಬಣ್ಣದ ಜೀನಿಗೆ ಅಂಟಿಕೊಂಡೇ ಇರುವ 2 ಸೆಂಟಿಗ್ರಾಂ ಶಕ್ತಿಯ ಜೀನಿನಿಂದಲೂ ಹೀಗಾಗಬಹುದು. ದೂರವಿದ್ದು, ನಾಲ್ಕರಲ್ಲೊಂದು ಪಾಲು ಬೇರ್ಪಡುವ 4 ಸೆಂಟಿಗ್ರಾಂ ಜೀನಿನಿಂದಲೂ ಆಗಬಹುದು. ಬಣ್ಣದಂಥ ಒಂದೇ ಗುರುತನ್ನು ನಂಬಿದ ಲೆಕ್ಕ ಎರಡನ್ನೂ ಬೇರೆಮಾಡಲಾರದು. ಎರಡು ಗುರುತುಗಳ ನಡುವೆ ಹುಡುಕುವ ವಿಧಾನವನ್ನು ಲ್ಯಾಂಡರ್ ಮತ್ತು ಬಾಟ್‌ಸ್ಟೀನ್ ಕೊಟ್ಟದ್ದು 1989ರಲ್ಲಿ.

ಅದರ ಬೆನ್ನಿಗೇ, 1992ರಲ್ಲಿ, ಅದೇ ‘ಜೆನೆಟಿಕ್ಸ್’ನಲ್ಲಿ ಅಲಸಂದೆ ಮತ್ತು ಹೆಸರುಕಾಳಿನ ಬಗ್ಗೆ ಫಾತೊಕುನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಅಲಸಂದೆ ಪಳಗಿದ್ದು ಆಫ್ರಿಕಾದಲ್ಲಿ, ಹೆಸರುಕಾಳು ಭಾರತದಲ್ಲಿ. ಆದರೂ ಎರಡರಲ್ಲೂ ಕಾಳಿನ ತೂಕದ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವ ಭಾಗದಲ್ಲಿ ಅದೇ ಗುರುತುಗಳು, ಅದೇ ಸಾಲಿನಲ್ಲಿದ್ದವು. ಪರಸ್ಪರ ಪರಿಚಯವೇ ಇಲ್ಲದ ರೈತರು ಒಂದೇ ತಾಣದ ಮೇಲೆ ಕೈಯಿಟ್ಟಿದ್ದರೆನ್ನುವುದು ರೋಮಾಂಚನದ ಮಾತು. ಎಚ್ಚರವೂ ಇಲ್ಲಿಯೇ ಬೇಕು: ಒಂದೇ ಭಾಗವೆಂದ ಮಾತ್ರಕ್ಕೆ ಒಂದೇ ಜೀನ್ ಎಂದಾಗದು. ಚಿಕ್ಕ ಗುಂಪಿನ ಗಿಡಗಳಲ್ಲಿ ಇಂಥ ತಾಣಗಳ ಪ್ರಭಾವ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆಂದು ಸಂಶೋಧಕ ಬೀವಿಸ್ 1994ರಲ್ಲಿ ತೋರಿಸಿದ್ದಾರೆ. ತಳಿ ಅಭಿವೃದ್ಧಿ ಮಾಡುವವರು ಬೇರೆ ಹೊಲದಲ್ಲಿ, ಬೇರೆ ವರ್ಷ, ಹೆಚ್ಚು ಗಿಡಗಳಲ್ಲಿ ಮತ್ತೆ ತೂಗಿ ನೋಡದೆ ಇಂಥ ಜೀನ್ ನಕ್ಷೆಯನ್ನು ನೆಚ್ಚಬಾರದು.

ನಕ್ಷೆ ಹೇಳದ ಇನ್ನೊಂದು ಸಂಗತಿ ಕಾಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಕಲಾದ ಹೆಸರುಕಾಳು, ಹುರುಳಿ ದೊರೆತಿವೆ. ಬೇಸಾಯ ಶುರುವಾಗಿ ಬಹುಕಾಲದ ಮೇಲಷ್ಟೇ ದ್ವಿದಳ ಕಾಳುಗಳು ದಪ್ಪವಾದವೆಂದು ಪುರಾತತ್ವಜ್ಞ ಡೋರಿಯನ್ ಫುಲ್ಲರ್ ವಾದಿಸುತ್ತಾರೆ. ಹಾಗಾದರೆ ಕಾಳು ದಪ್ಪಗೊಳಿಸುವ ಆ ತಾಣವನ್ನು ಆರಿಸಿದವರು ಮೊದಲು ಬಿತ್ತಿದವರಲ್ಲ. ಎಷ್ಟೋ ತಲೆಮಾರುಗಳ ನಂತರ ಅದೇ ಹೊಲ ಉತ್ತವರು.