ಶೋಕವೂ ಬೀಸುವ ಪದವೂ

ಮದ್ದೂರಿನ ಸಮೀಪದಲ್ಲಿ ಶಿಂಷಾನದಿಯ ದಡದ ಮೇಲಿರುವ ವೈದ್ಯನಾಥಪುರಕ್ಕೆ ಆ ಹೆಸರು ಬಂದಿರುವುದು ಅಲ್ಲಿಯ ವೈದ್ಯನಾಥೇಶ್ವರನಿಂದ. ಮೈಯ ರೋಗ ಕಳೆಯಲೆಂದು ಹರಕೆ ಹೊತ್ತು ಬರುವ ಭಕ್ತರು ಇಂದಿಗೂ ಉಂಟು. ಮೈಯ ಬೇನೆಗೆ ಹೀಗೊಂದು ಕ್ಷೇತ್ರವಿದ್ದರೆ, ಮನಸ್ಸಿನ ಬೇನೆಯನ್ನು ಹೇಳಿಕೊಳ್ಳಲು ಈ ಸೀಮೆಯ ಹೆಂಗಸರಿಗೆ ಬಹುಕಾಲ ಇದ್ದುದು ಮನೆಯ ಬೀಸುವ ಕಲ್ಲು. ಅಲ್ಲಿ ಹುಟ್ಟಿದ ಪದಗಳನ್ನು ಔಷಧವೆನ್ನಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈಚೆಗೆ ಕಲೆಯನ್ನು ಚಿಕಿತ್ಸೆಯೆಂದು ಎಣಿಸುವ ವಾದವು ಪ್ರಬಲವಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯು 3000ಕ್ಕೂ ಹೆಚ್ಚು ಅಧ್ಯಯನಗಳ ಆಧಾರದಿಂದ ಆರೋಗ್ಯರಕ್ಷಣೆಯಲ್ಲಿ ಕಲೆಗಳಿಗೆ ಗಣನೀಯವಾದ ಪಾತ್ರವುಂಟೆಂದು ಹೇಳಿತು. ಅದಕ್ಕೆ ಬಹು ಹಿಂದೆ, 1986ರಲ್ಲಿ, ಅಮೆರಿಕದ ಪೆನ್ನೆಬೇಕರ್ ಮತ್ತು ಬೀಲ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಂದ ಅವರವರ ಬಾಳಿನ ಆಘಾತಗಳನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆಯಿಸಿದ್ದರು. ಬರೆದ ಕೂಡಲೆ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಭಾವವನ್ನೂ ಸಂಗತಿಯನ್ನೂ ಕೂಡಿಸಿ ಬರೆದವರು ವೈದ್ಯರ ಬಳಿಗೆ ಹೋದದ್ದು ಕಡಮೆ. ಈ ಫಲವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಪ್ರಯೋಗಕ್ಕೆ ಬರಹದ ಗುಣವೂ ಬೇಕಿರಲಿಲ್ಲ, ಅದನ್ನು ಕೇಳಿ ತಲೆದೂಗುವ ಸಹೃದಯನೂ ಬೇಕಿರಲಿಲ್ಲ. ಸಾಹಿತ್ಯವಿಮರ್ಶೆಯ ಕೆಲಸವು ಅಲ್ಲಿಂದ ಮುಂದಕ್ಕೆ.

ಕ್ರೌಂಚದ ವಿಯೋಗವನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಆನಂದವರ್ಧನನು ಹೇಳಿದನು. ಋಷಿಯು ತನ್ನ ದುಃಖವನ್ನು ಹೊರಚೆಲ್ಲಿ ಹಗುರಾದನೆಂದು ಇದಕ್ಕೆ ಅರ್ಥಮಾಡುವುದು ಸುಲಭ. ಅಭಿನವಗುಪ್ತನು ‘ಲೋಚನ’ದಲ್ಲಿ ಈ ಅರ್ಥವನ್ನೇ ತಡೆಯುತ್ತಾನೆ. ಆ ಶೋಕವು ಮುನಿಯ ಸ್ವಂತ ಶೋಕವಲ್ಲ. ಆಗಿದ್ದರೆ, ದುಃಖದಲ್ಲಿ ಮುಳುಗಿದವನಿಗೆ ಶ್ಲೋಕವು ಹುಟ್ಟುತ್ತಲೇ ಇರಲಿಲ್ಲವೆಂಬುದು ಅವನ ವಾದ. ದುಃಖವು ಒಬ್ಬನದೆಂಬ ಗಡಿಯನ್ನು ದಾಟಿದಮೇಲೆಯೇ ರಸವಾಗುತ್ತದೆ. ಈ ಮಾತು ಮೊದಲು ಕಠಿನವಾಗಿ ತೋರುತ್ತದೆ; ಅತ್ತವನಿಗೆ ಅಳುವಿನ ಹಕ್ಕನ್ನೇ ಕೊಡದಂತೆ.

ಆದರೆ ಹಳ್ಳಿಯ ಹಾಡನ್ನು ನೋಡಿದರೆ ಇದರ ನಿಜ ತಿಳಿಯುತ್ತದೆ. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಹೊರಬಂದಿತು. ಎರಡು ವರ್ಷಗಳ ಬಳಿಕ ಅರ್ಚಕ ಬಿ. ರಂಗಸ್ವಾಮಿಯವರು, ಈಗ ಮಂಡ್ಯ ಜಿಲ್ಲೆಗೆ ಸೇರಿರುವ ಬಂಡಿಹೊಳೆಯನ್ನು ಕುರಿತು ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಎಂಬ ಗ್ರಂಥವನ್ನು ಬರೆದರು. ಕೋಳಿ ಕೂಗುವ ಹೊತ್ತಿಗೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಒಂದೇ ಗೂಟವನ್ನು ಹಿಡಿದು ರಾಗಿ ಬೀಸುತ್ತಿದ್ದರು. ತವರಿನಿಂದ ಅಣ್ಣ ಬಾರದಿರುವುದು, ಮಡಿಲು ತುಂಬದಿರುವುದು, ಅತ್ತೆಯ ಬಿರುನುಡಿ, ಇವೇ ಪದಗಳ ವಸ್ತು. ಇದೇ ದೂರನ್ನು ಸೊಸೆಯೊಬ್ಬಳು ನೀರ ಕಟ್ಟೆಯ ಬಳಿ ಆಡಿದರೆ ಸಂಜೆಯೊಳಗೆ ಅದು ಮನೆಯ ಜಗಳವಾದೀತು. ಹಾಡಿದರೆ ಯಾರೂ ಆಕ್ಷೇಪಿಸುವಂತಿಲ್ಲ. ಏಕೆಂದರೆ ಪದದಲ್ಲಿ ಬರುವ ‘ನಾನು’ ಅವಳೊಬ್ಬಳಲ್ಲ. ಅತ್ತೆಯೂ ತಾನು ಸೊಸೆಯಾಗಿದ್ದಾಗ ಅದನ್ನೇ ಹಾಡಿದ್ದಾಳೆ! ತ್ರಿಪದಿಯ ಧಾಟಿಯೂ ಇದಕ್ಕೆ ಒದಗಿಬರುತ್ತದೆ. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ಮೂರು ಸಾಲು ನಾಲ್ಕಾಗುತ್ತದೆ. ಆ ಮರುಕಳಿಕೆಯಲ್ಲಿ ಎದುರಿನವಳು ದನಿಗೂಡಿಸಬಹುದು, ನೊಂದವಳು ಉಸಿರು ತೆಗೆದುಕೊಳ್ಳಬಹುದು. ಅಭಿನವಗುಪ್ತನು ಶಾಸ್ತ್ರದಿಂದ ಸಾಧಿಸಿದುದನ್ನು ಈ ಹೆಂಗಸರು ರಾಗಿ ಬೀಸುತ್ತ ನಡೆಸಿದರೆಂದರೆ ಅತಿಶಯೋಕ್ತಿಯಾಗದು.

ದ. ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಗೆ ಮಗುವಿನ ಸಾವೇ ನಿಮಿತ್ತವೆಂಬುದು ಪ್ರಸಿದ್ಧವಾಗಿದೆ. ಅಲ್ಲಿ ತಂದೆ ತನ್ನ ಎದೆಯನ್ನು ತೋಡಿ ತೋರಿಸುವುದಿಲ್ಲ. ಹೆಂಡತಿಯ ನೋಟವನ್ನು ತಾಳಲಾರದೆ ಅವಳೊಡನೆ ಮಾತಾಡುತ್ತಾನೆ. ವಿದ್ವಾಂಸರಾದ ಕವಿಗಳು ಆ ಗಳಿಗೆಗೆ ಆರಿಸಿಕೊಂಡದ್ದು ಧಾರವಾಡದ ಆಡುನುಡಿಯನ್ನು, ಜನಪದದ ಧಾಟಿಯನ್ನು. ಸ್ವಂತ ದುಃಖಕ್ಕೆ ಎಲ್ಲರ ದನಿಯನ್ನು ಕಡ ತಂದುದರಿಂದಲೇ ಅದು ಓದುಗರದೂ ಆಯಿತು. ಇದರಿಂದ ಕವಿಗೆ ಸಮಾಧಾನವಾಯಿತೆಂದು ಕವಿತೆ ಎಲ್ಲಿಯೂ ಹೇಳುವುದಿಲ್ಲ. ಹೇಳಿದ್ದರೆ ಅದರ ಬೆಲೆ ಕುಗ್ಗುತ್ತಿತ್ತು.

ಎದುರಿಗೆ ಕೇಳುವವರೇ ಇಲ್ಲದಿದ್ದರೆ? ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಬಂದ ಚಿತ್ತವಿಕಾರದಿಂದ ಗುಣಹೊಂದಿ ಆಸ್ಪತ್ರೆಯಿಂದ ಮನೆಗೆ ಮರಳುತ್ತಾಳೆ. ಅವಳ ಒಂದೊಂದು ಮಾತನ್ನೂ ಮನೆಯವರು ಹುಚ್ಚಿನ ಕುರುಹೆಂದೇ ಅಳೆಯುತ್ತಾರೆ. ವೈದ್ಯರು ವಾಸಿಮಾಡಿದುದನ್ನು ಮನೆ ಕೆಡಿಸುತ್ತದೆ. ಮನಶ್ಶಾಸ್ತ್ರವನ್ನು ಬಲ್ಲ ಲೇಖಕಿ ಇಲ್ಲಿ ಕಲ್ಲಿನ ಮುಂದೆ ಒಬ್ಬಳೇ ಕುಳಿತ ಹೆಂಗಸನ್ನು ಚಿತ್ರಿಸಿದ್ದಾರೆ ಎನ್ನಬಹುದು. ಅಭಿವ್ಯಕ್ತಿಯೊಂದೇ ಸಾಕೆನ್ನುವವರು ಈ ಕಾದಂಬರಿಗೆ ಉತ್ತರ ಹೇಳಬೇಕಾಗುತ್ತದೆ.

ಹಿಟ್ಟಿನ ಗಿರಣಿ ಬಂದಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದಕ್ಕಾಗಿ ಮರುಗಬೇಕಾಗಿಲ್ಲ, ಆ ದುಡಿಮೆ ಕ್ರೂರವಾದುದು. ಪದಗಳು ಮಾತ್ರ ಪುಸ್ತಕವನ್ನು ಸೇರಿ ಪಠ್ಯಗಳಾಗಿವೆ, ಮೂರೇ ಸಾಲುಗಳಾಗಿ. ತರಗತಿಯಲ್ಲಿ ಅವನ್ನು ಓದಿಸುವ ಉಪಾಧ್ಯಾಯರು ಛಂದಸ್ಸಿನ ಗಣಗಳನ್ನು ವಿಭಾಗಿಸುವ ಮೊದಲು, ಇಬ್ಬರು ವಿದ್ಯಾರ್ಥಿಗಳನ್ನು ಎದುರುಬದುರಾಗಿ ಕೂರಿಸಿ, ಮುದ್ರಣದಲ್ಲಿ ಬಿಟ್ಟುಹೋದ ಆ ಸಾಲನ್ನು ಮತ್ತೊಮ್ಮೆ ಹಾಡಿಸಿ ನೋಡಬಹುದು.