ಗಂಧಕದ ಬಂಧ ಮತ್ತು ನಿಧಾನಗತಿಯ ಎಲೆಕ್ಟ್ರಾನು

ಪ್ರೋಟೀನಿನ ರಚನೆ ಕಾಣಬೇಕಾದರೆ ಅದರ ಸ್ಫಟಿಕಕ್ಕೆ ಕ್ಷ-ಕಿರಣ ಹಾಯಿಸಬೇಕು. ಹಾಯಿಸಿದರೆ ಸ್ಫಟಿಕ ಕೆಡುತ್ತದೆ. ಈ ಕೇಡು ಎಲ್ಲೆಡೆ ಒಂದೇ ಸಮನೆ ಹರಡುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಮಾರ್ಟಿನ್ ವೈಕ್ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2000ದಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು ಅಲುಗಾಡಿಸಿತು. ವಿದ್ಯುತ್ ತೊರಕೆ ಮೀನಿನ ಅಸಿಟೈಲ್‌ಕೊಲಿನೆಸ್ಟರೇಸ್, ಕೋಳಿಮೊಟ್ಟೆಯ ಲೈಸೊಜೈಮ್ ಎಂಬ ಎರಡು ಕಿಣ್ವಗಳಲ್ಲೂ ಎರಡು ಗಂಧಕಗಳ ನಡುವಿನ ಡೈಸಲ್ಫೈಡ್ ಬಂಧಗಳು ಆಯ್ದು ಮುರಿದಂತೆ ಮುರಿದಿದ್ದವು.

ಮುರಿಯುವ ಬಗೆ ಬೆರಗಿನದು. ಕ್ಷ-ಕಿರಣ ಕಿತ್ತೆಸೆದ ಎಲೆಕ್ಟ್ರಾನು ಸುತ್ತಲ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ಇನ್ನೂ ನೂರಾರು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಇವುಗಳ ಶಕ್ತಿ ಬೇಗನೆ ಇಳಿದುಹೋಗುತ್ತದೆ. ಗಂಧಕ-ಗಂಧಕ ಬಂಧವನ್ನು ನೇರವಾಗಿ ಮುರಿಯಲು ಎರಡೂವರೆ ಎಲೆಕ್ಟ್ರಾನ್‌ವೋಲ್ಟಿಗೂ ಮಿಕ್ಕ ಶಕ್ತಿ ಬೇಕು. ಆದರೂ ಹೆಚ್ಚುಕಡಿಮೆ ಬರಿಗೈಯಲ್ಲಿ ಬಂದ ಎಲೆಕ್ಟ್ರಾನು ಅದನ್ನು ಸಡಿಲಿಸುತ್ತದೆ. ಏಕೆಂದರೆ ಅದು ಹೊಡೆಯುವುದಿಲ್ಲ, ಬಂಧಕ್ಕೆ ವಿರುದ್ಧವಾಗಿ ವರ್ತಿಸುವ ಖಾಲಿ ಕಕ್ಷಕದಲ್ಲಿ ಹೋಗಿ ಕೂರುತ್ತದೆ. ಕೂತೊಡನೆ ಬಂಧದ ಬಲ ಅರ್ಧವಾಗುತ್ತದೆ. 2.05 ಆಂಗ್‌ಸ್ಟ್ರಾಮ್ ಇದ್ದ ಅಂತರ ಸುಮಾರು 2.8ಕ್ಕೆ ಹಿಗ್ಗುತ್ತದೆ. ಮುಂದೆ ಎರಡು ಗಂಧಕಗಳೂ ಬೇರೆಯಾಗಲು ದೊಡ್ಡ ಬಲವೇನೂ ಬೇಕಿಲ್ಲ. ಸ್ಫಟಿಕವನ್ನು ಮೈನಸ್ 173 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೂ ಇದನ್ನು ತಪ್ಪಿಸಲಾಗದು: ಆ ಚಳಿಯಲ್ಲಿ ನೀರಿನಿಂದ ಹುಟ್ಟಿದ ರ‍್ಯಾಡಿಕಲ್‌ಗಳು ಬಹುಪಾಲು ಇದ್ದಲ್ಲೇ ಹೆಪ್ಪುಗಟ್ಟುತ್ತವೆ, ಎಲೆಕ್ಟ್ರಾನುಗಳು ಮಾತ್ರ ಓಡಾಡುತ್ತಲೇ ಇರುತ್ತವೆ.

ಪ್ರಬಂಧದ ದೊಡ್ಡ ಬಲ ಅದರ ಸಾಕ್ಷ್ಯ. ಕಿರಣ ತಾಗುತ್ತ ಹೋದಂತೆ ಯಾವ ಪರಮಾಣು ಎಲ್ಲಿಂದ ಕದಲಿತೆಂಬುದನ್ನು ಲೇಖಕರು ಸ್ಫಟಿಕದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲೇ ತೋರಿಸಿದರು. ನನ್ನ ತಕರಾರು ಎರಡು. ಡೈಸಲ್ಫೈಡ್‌ಗಳ ಜೊತೆಗೆ ಆಮ್ಲೀಯ ಅಮೈನೊ ಆಮ್ಲಗಳ ಕಾರ್ಬಾಕ್ಸಿಲ್ ಗುಂಪುಗಳೂ ಮಸುಕಾದವೆಂದು ಪ್ರಬಂಧ ಒಂದೇ ಉಸಿರಿಗೆ ಹೇಳುತ್ತದೆ. ಗಂಧಕ ಕೆಡುವುದು ಎಲೆಕ್ಟ್ರಾನು ಬಂದು ಸೇರಿದ್ದರಿಂದ. ಕಾರ್ಬಾಕ್ಸಿಲ್ ಕೆಡುವುದು ಸಾಮಾನ್ಯವಾಗಿ ಎಲೆಕ್ಟ್ರಾನು ಕಳೆದುಕೊಂಡು. ಹೀಗೆ ಒಟ್ಟಿಗೆ ಎಣಿಸಿದರೆ ಕಾರಣ ಮರೆಯಾಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಇಂಥ ದುರ್ಬಲ ಕೊಂಡಿಗಳಿಗೆ ಪ್ರೋಟೀನಿನ ಕೆಲಸದಲ್ಲೂ ಮಹತ್ವವಿರಬಹುದೆಂದು ಲೇಖಕರು ಸೂಚಿಸುತ್ತಾರೆ. ಆಸೆ ಹುಟ್ಟಿಸುವ ಮಾತು, ಪುರಾವೆ ಸಾಲದು. ಎಲೆಕ್ಟ್ರಾನಿಗೆ ಒಲಿಯುವ ಬಂಧವೆಲ್ಲ ಜೀವಕೋಶಕ್ಕೂ ಮುಖ್ಯವೆಂದು ಹೇಗೆ ಹೇಳುವುದು? ಸುತ್ತಲಿನ ವಿದ್ಯುದಂಶ, ನೀರಿಗೆ ತೆರೆದುಕೊಂಡಿರುವ ಪ್ರಮಾಣ ಇವೂ ಯಾವ ಬಂಧ ಮುರಿಯಬೇಕೆಂಬುದನ್ನು ನಿರ್ಧರಿಸಬಲ್ಲವು. ಬಂದ ಎಲೆಕ್ಟ್ರಾನಿನ ಶಕ್ತಿ ಎಷ್ಟಿತ್ತೆಂದು ಸ್ಫಟಿಕದ ನಕ್ಷೆ ಹೇಳುವುದೂ ಇಲ್ಲ. ಅದಕ್ಕೆ ಬಿಡಿ ಅಣುಗಳಿಗೆ ಅಳತೆಯ ಶಕ್ತಿಯ ಎಲೆಕ್ಟ್ರಾನು ಹಾಯಿಸುವ ಅನಿಲಸ್ಥಿತಿಯ ಪ್ರಯೋಗಗಳೇ ಬೇಕು.

ಇಷ್ಟಾದರೂ ಈ ಪ್ರಬಂಧವನ್ನು ನಾನು ಮೇಲಿನ ಸ್ಥಾನದಲ್ಲೇ ಇಡುತ್ತೇನೆ. ಬಿಚ್ಚಿದ ಡೈಸಲ್ಫೈಡ್ ಕಂಡೊಡನೆ ಅದನ್ನು ಪ್ರೋಟೀನಿನ ಸಹಜ ಗುಣವೆಂದು ಬರೆದುಬಿಡುವ ಧೈರ್ಯ ಇನ್ನು ಯಾರಿಗೂ ಇರಬಾರದು. ಸ್ಫಟಿಕ ಎಷ್ಟು ಕಿರಣ ಉಂಡಿತೆಂಬ ಲೆಕ್ಕವನ್ನೂ ರಚನೆಯ ಜೊತೆಗೇ ಕೊಡಬೇಕು.