ಬೈಕು ಮುಂದೆ, ಊರು ಹಿಂದೆ

ನಿವೃತ್ತರ ಬೈಕ್ ಯಾತ್ರೆ, ಅವರು ತೆಗೆದ ಚಿತ್ರಗಳ ಬಗ್ಗೆ ನಮ್ಮಲ್ಲಿ ಬರೆಯುವವರೆಲ್ಲ ವಯಸ್ಸನ್ನು ಹೊಗಳಿ ಬರಹ ಮುಗಿಸುತ್ತಾರೆ. ಅರವತ್ತಕ್ಕೆ ಕಚೇರಿ ಬಿಟ್ಟು, ನಿವೃತ್ತಿಯ ಹಣದಲ್ಲಿ 350 ಸಿಸಿ ಬೈಕು ಕೊಂಡು, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಲಡಾಖಿಗೆ ಹೋಗಿ ಬಂದವರ ಕಥೆ ಭಾನುವಾರದ ಪುರವಣಿಗಳಲ್ಲಿ ಈಗ ಕಾಯಂ. ಎಷ್ಟು ಕಿಲೋಮೀಟರ್, ಎಷ್ಟು ರಾಜ್ಯ, ಮೊಣಕಾಲು ನೋವಿಗೆ ಏನು ಮಾಡಿಕೊಂಡರು ಎಂಬುದೆಲ್ಲ ಅಲ್ಲಿರುತ್ತದೆ. ಚಿತ್ರ ಹೇಗಿದೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಪುಟದ ಮುಕ್ಕಾಲು ಭಾಗ ಚಿತ್ರಗಳೇ ಇದ್ದರೂ ಬರೆದವರು ಅವನ್ನು ನೋಡಿದ ಗುರುತು ಸಿಗುವುದಿಲ್ಲ. ಇದನ್ನು ಗೌರವ ಎಂದು ನಾನು ಒಪ್ಪಲಾರೆ. ತಾನು ಛಾಯಾಗ್ರಾಹಕ ಎಂದು ಒಬ್ಬರು ಹೇಳಿಕೊಂಡ ಮೇಲೆ ಅವರ ಚಿತ್ರವನ್ನು ಚಿತ್ರವಾಗಿಯೇ ನೋಡುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ. ಹಾಗೆ ನೋಡಿದಾಗ, ಈ ಪ್ರಕಾರಕ್ಕೆ ಬಂದಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆ ಎನ್ನದೆ ವಿಧಿಯಿಲ್ಲ.

ಈ ಬಗೆಯ ಎಲ್ಲ ಆಲ್ಬಮ್‌ಗಳಲ್ಲೂ ತಪ್ಪದೆ ಇರುವ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಮುಂದೆ ಬೈಕು, ಹಿಂದೆ ಜಾಗ. ಜಾಗ ಹಂಪಿಯ ಬಂಡೆಗಳಿರಬಹುದು, ಮರವಂತೆಯ ಕಡಲಿರಬಹುದು, ಲಡಾಖಿನ ಖರ್ದುಂಗ್ ಲಾ ಕಣಿವೆದಾರಿಯ ಹಳದಿ ಫಲಕವಿರಬಹುದು. ರಚನೆ ಮಾತ್ರ ಬದಲಾಗುವುದಿಲ್ಲ. ಹದಿನಾರೋ ಇಪ್ಪತ್ತೋ ಮಿಲಿಮೀಟರಿನ ಅಗಲ ಕೋನದ ಲೆನ್ಸು ಹಾಕಿ, ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಮುಂಚಕ್ರದಿಂದ ಎರಡಡಿ ದೂರದಲ್ಲಿ ಕೂತು ತೆಗೆಯುತ್ತಾರೆ. ಚಕ್ರ ಚೌಕಟ್ಟಿನ ಅರ್ಧ ತುಂಬುತ್ತದೆ. ಹಿಂದಿನ ಹಿಮಾಲಯ ಮಡ್‌ಗಾರ್ಡಿಗಿಂತ ಗಿಡ್ಡವಾಗಿ ಕೂರುತ್ತದೆ. ಇದು ಲೆನ್ಸಿನ ತಪ್ಪು ಎಂದು ಹಲವರು ತಿಳಿದಿದ್ದಾರೆ. ತಪ್ಪು ನಿಂತ ಜಾಗದ್ದು. ಯಾವುದು ಎಷ್ಟು ದೊಡ್ಡದಾಗಿ ಕಾಣಬೇಕೆಂದು ತೀರ್ಮಾನಿಸುವುದು ದೂರ. ಎರಡಡಿ ದೂರದ ಚಕ್ರಕ್ಕೂ ಐದು ಕಿಲೋಮೀಟರ್ ಆಚೆಯ ಶಿಖರಕ್ಕೂ ಪೈಪೋಟಿ ಇಟ್ಟರೆ ಗೆಲ್ಲುವುದು ಚಕ್ರವೇ. ಅದೇ ಬೈಕನ್ನು ಅಲ್ಲೇ ಬಿಟ್ಟು ನಲವತ್ತು ಐವತ್ತು ಹೆಜ್ಜೆ ಹಿಂದಕ್ಕೆ ನಡೆದು, 135ರದೋ 200ರದೋ ಲೆನ್ಸು ಹಾಕಿ ನೋಡಿ. ಬೆಟ್ಟ ಎದ್ದು ನಿಲ್ಲುತ್ತದೆ. ಅದರ ಬುಡದಲ್ಲಿ 195 ಕಿಲೋ ತೂಗುವ ಆ ಯಂತ್ರವೂ ಅದನ್ನು ಓಡಿಸಿಕೊಂಡು ಬಂದ ಮನುಷ್ಯನೂ ಎಷ್ಟು ಸಣ್ಣವರು, ಅಷ್ಟು ಸಣ್ಣವರಾಗಿದ್ದೂ ಇಲ್ಲಿಗೆ ಹೇಗೆ ಬಂದರು ಎಂಬುದು ಆಗ ತಿಳಿಯುತ್ತದೆ. ಸಾಹಸ ಅಲ್ಲಿ ಕಾಣುತ್ತದೆ.

ಆಕಾಶದ ಮಾತೂ ಇಷ್ಟೇ. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ ಆಕಾಶ ತಾನಾಗಿಯೇ ಗಾಢ ನೀಲಿ. ಅದರ ಮೇಲೆ ಪೋಲರೈಸರ್ ತಿರುಗಿಸಿದರೆ ನೀಲಿ ಕಪ್ಪಿಗೆ ತಿರುಗುತ್ತದೆ. ಈ ಫಿಲ್ಟರಿನ ಪರಿಣಾಮ ಸೂರ್ಯನಿಗೆ ತೊಂಬತ್ತು ಡಿಗ್ರಿ ಕೋನದಲ್ಲಿ ಅತಿ ಹೆಚ್ಚು, ಉಳಿದ ಕಡೆ ಕಡಿಮೆ. ಅಗಲ ಲೆನ್ಸು ಆಕಾಶದ ದೊಡ್ಡ ಭಾಗವನ್ನೇ ಬಾಚಿಕೊಳ್ಳುವುದರಿಂದ ನಡುವೆ ಕಪ್ಪು ಕಲೆಯೊಂದು ಮೂಡಿ, ಎರಡೂ ಪಕ್ಕ ಬಿಳಚಿಕೊಳ್ಳುತ್ತದೆ. ಪ್ರದರ್ಶನಗಳಲ್ಲಿ ಆಳೆತ್ತರಕ್ಕೆ ಮುದ್ರಿಸಿ ತೂಗುಹಾಕಿದ ಚಿತ್ರಗಳಲ್ಲೂ ಈ ಕಲೆಯನ್ನು ನೋಡಿದ್ದೇನೆ. ಅದು ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ: ಎಲ್ಲರ ಕಣ್ಣೂ ಫಲಕದ ಮೇಲಿರುತ್ತದೆ.

ಆ ಫಲಕವನ್ನೂ ಸ್ವಲ್ಪ ನೋಡಬೇಕು. ಖರ್ದುಂಗ್ ಲಾ 18,380 ಅಡಿ ಎತ್ತರದಲ್ಲಿದೆ, ಜಗತ್ತಿನಲ್ಲೇ ವಾಹನ ಹೋಗುವ ಅತಿ ಎತ್ತರದ ರಸ್ತೆ ಎಂದು ಅದು ವರ್ಷಗಟ್ಟಲೆ ಸಾರಿತು. ಅಳೆದಾಗ ಸಿಕ್ಕ ಎತ್ತರ 5,359 ಮೀಟರ್, ಅಂದರೆ ಸುಮಾರು 17,582 ಅಡಿ. 2021ರಲ್ಲಿ ಲಡಾಖಿನದೇ ಉಮ್ಲಿಂಗ್ ಲಾದಲ್ಲಿ 19,024 ಅಡಿ ಎತ್ತರಕ್ಕೆ ಡಾಂಬರು ರಸ್ತೆಯಾದ ಮೇಲೆ ದಾಖಲೆಯ ಮಾತು ಬೇರೆಡೆಗೇ ಹೋಯಿತು. ಬೈಕು ಓಡಿಸಿದವರ ಶ್ರಮ ಇದರಿಂದ ಒಂದಡಿಯೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಚಿತ್ರದ ಬೆಲೆ, ಏಕೆಂದರೆ ಎತ್ತರವನ್ನು ಹೇಳುವ ಹೊಣೆಯನ್ನು ಚಿತ್ರ ಪೂರ್ತಿಯಾಗಿ ಫಲಕಕ್ಕೆ ಒಪ್ಪಿಸಿತ್ತು. ಎತ್ತರ ಕಾಣಿಸಬೇಕಾದ ಕಡೆಗಳು ಬೇರೆ ಇದ್ದವು. ಆ ರಸ್ತೆಯಲ್ಲಿ ಜಾರ್ಖಂಡಿನಿಂದ ಬಂದ ಕೂಲಿಕಾರರು ಕಲ್ಲು ಒಡೆಯುತ್ತಾರೆ, ಡಾಂಬರು ಕಾಯಿಸುತ್ತಾರೆ. ಅವರು ಹಾಕಿದ ರಸ್ತೆಯ ಮೇಲೆಯೇ ಈ ಬೈಕುಗಳು ಹತ್ತಿದ್ದು. ಒಡೆದ ತುಟಿ, ಮುಖಕ್ಕೆ ಸುತ್ತಿದ ಬಟ್ಟೆ, ಹೊಗೆಯ ನಡುವಿನ ಕಣ್ಣು, ಇವುಗಳಲ್ಲಿರುವ ಎತ್ತರ ಯಾವ ಫಲಕದಲ್ಲೂ ಇಲ್ಲ. ನಾನು ನೋಡಿದ ಆಲ್ಬಮ್‌ಗಳಲ್ಲಿ ಅವರು ಹುಡುಕಿದರೂ ಸಿಗಲಿಲ್ಲ.

ಇಲ್ಲಿ ಒಂದು ಗುಂಪು ನನ್ನ ಮೇಲೆ ಸಿಟ್ಟಾಗುತ್ತದೆಂದು ಗೊತ್ತು. ಇಳಿವಯಸ್ಸಿನ ಸಂತೋಷಕ್ಕೆ ವಿಮರ್ಶೆ ಏಕೆ, ಟಿವಿ ಮುಂದೆ ಕೂತು ಕೊರಗುವುದಕ್ಕಿಂತ ಇದು ಒಳ್ಳೆಯದಲ್ಲವೇ ಎಂಬುದು ಅವರ ವಾದ. ಒಳ್ಳೆಯದೇ, ಸಂಶಯವಿಲ್ಲ. ದೇಹ ಚುರುಕಾಗಿರುತ್ತದೆ, ಹೊಸ ಸ್ನೇಹಿತರು ಸಿಗುತ್ತಾರೆ, ಮನೆಯವರಿಗೂ ನೆಮ್ಮದಿ. ಮೈಸೂರಿನ ಯಾದವಗಿರಿಯ ಬೈಕು ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿಗಳನ್ನು ಜೀವಂತ ಇಟ್ಟುಕೊಂಡ ಹಿರಿಯರನ್ನು ಕಂಡರೆ ನನಗೆ ನಿಜವಾದ ಪ್ರೀತಿ. ಆದರೆ ಈ ಕರುಣೆಯ ವಾದದ ಒಳಗೆ ಒಂದು ತಾತ್ಸಾರ ಅಡಗಿದೆ. ಮೂವತ್ತರ ಛಾಯಾಗ್ರಾಹಕನ ಚಿತ್ರವಾದರೆ ಕೆದಕಿ ನೋಡುತ್ತೇವೆ. ಅರವತ್ತೈದರವರು ತೆಗೆದದ್ದಾದರೆ ಬೆನ್ನು ತಟ್ಟಿ ಕಳಿಸುತ್ತೇವೆ. ಅವರು ಕಲಿಯಲಾರರು ಎಂದು ನಾವಾಗಿಯೇ ತೀರ್ಪು ಕೊಟ್ಟಂತಾಯಿತು. ಮೂವತ್ತೈದು ವರ್ಷ ಸರ್ವೆ ಇಲಾಖೆಯಲ್ಲೋ ಬ್ಯಾಂಕಿನಲ್ಲೋ ತಪ್ಪು ಹುಡುಕಿ ತಿದ್ದಿದವರು ತಮ್ಮ ಚಿತ್ರದ ತಪ್ಪನ್ನು ಕೇಳಿಸಿಕೊಳ್ಳಲಾರರೇ?

ಇನ್ನೊಂದು ಕಡೆಯ ಜಗಳ ಸಲೂನ್ ಎನ್ನುವ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರೊಂದಿಗೆ. ಅವರು ಚಿತ್ರಗಳನ್ನು ನೋಡುತ್ತಾರೆ, ಒಪ್ಪುತ್ತೇನೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥ ವನ್ಯಜೀವಿ ಛಾಯಾಗ್ರಾಹಕರನ್ನು ಕೊಟ್ಟ ಪರಂಪರೆಯನ್ನು ಹಗುರವಾಗಿ ಕಾಣಲೂ ಆಗದು. ಆದರೆ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ಕೊಡುವ ಬಿರುದುಗಳು ಎಷ್ಟು ಸ್ಪರ್ಧೆಗಳಲ್ಲಿ, ಎಷ್ಟು ದೇಶಗಳಲ್ಲಿ ಚಿತ್ರ ಆಯ್ಕೆಯಾಯಿತು ಎಂಬ ಎಣಿಕೆಯ ಮೇಲೆ ನಿಂತಿವೆ. ನಿವೃತ್ತರು ಕಿಲೋಮೀಟರ್ ಎಣಿಸುವುದನ್ನು ಬಿಟ್ಟು ಆಯ್ಕೆ ಎಣಿಸತೊಡಗುತ್ತಾರೆ. ನಿಸರ್ಗ ವಿಭಾಗದಲ್ಲಿ ಮನುಷ್ಯ, ಮನುಷ್ಯ ಕಟ್ಟಿದ್ದು ಸಾಮಾನ್ಯವಾಗಿ ಕಾಣಬಾರದೆಂಬ ನಿಯಮವಿದೆ. ಹಾಗಾಗಿ ಕೆರೆ ಏರಿಯ ಮೇಲಿನ ಮಿಂಚುಳ್ಳಿಯ ಹಿಂದಿದ್ದ ಊರು, ತಂತಿ, ಪಂಪ್‌ಸೆಟ್ಟು ಎಲ್ಲ ಮಸುಕಾಗಿ ಕರಗಿ, ಹಕ್ಕಿಯೊಂದೇ ಹಸಿರಿನಲ್ಲಿ ತೇಲುತ್ತದೆ. ಯಾವ ಕೆರೆ, ಯಾವ ತಾಲ್ಲೂಕು ಎಂದು ಚಿತ್ರ ಹೇಳುವುದಿಲ್ಲ. ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಮಾಡಿದ್ದು ಮೂಡಿಗೆರೆಯ ತಮ್ಮ ತೋಟ, ಕಾಡು, ಹಳ್ಳಗಳ ನಡುವೆ ಇದ್ದುಕೊಂಡು. ಆ ಹಕ್ಕಿಗಳಿಗೆ ವಿಳಾಸವಿದೆ.

ವಿಳಾಸದ ಮಾತು ಬಂದಾಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನೌಕರಿಯಲ್ಲಿರುವ ಪತ್ರಿಕಾ ಛಾಯಾಗ್ರಾಹಕನಿಗೆ ಇಲ್ಲದ ಒಂದು ಸಂಪತ್ತು ನಿವೃತ್ತರ ಕೈಯಲ್ಲಿದೆ: ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಬಿಡುವು. ದೂರದ ಊರಿಗೆ ಒಮ್ಮೆ ಹೋಗಿ ಬರುವ ಯಾತ್ರೆಯಲ್ಲಿ ಪೋಲಾಗುವುದು ಇದೇ. ಇಂಗ್ಲೆಂಡಿನ ಟೆಡ್ ಸೈಮನ್ 1973ರಲ್ಲಿ ಟ್ರಯಂಫ್ ಬೈಕಿನಲ್ಲಿ ಜಗತ್ತು ಸುತ್ತಲು ಹೊರಟವರು. 2001ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಹೆಚ್ಚುಕಡಿಮೆ ಅದೇ ದಾರಿ ಹಿಡಿದು ಮತ್ತೆ ಹೊರಟರು. ಆ ಎರಡನೆಯ ಯಾತ್ರೆಗೆ ತೂಕ ಬಂದದ್ದು ಅವರ ವಯಸ್ಸಿನಿಂದ ಅಂತ ನಾನು ನಂಬುವುದಿಲ್ಲ. ಊರುಗಳು ಏನಾದವು ಎಂದು ಅವರು ಹೋಲಿಸಬಲ್ಲವರಾಗಿದ್ದರು.

ನಮ್ಮ ಕರಾವಳಿಯ ಕಂಬಳವನ್ನೇ ನೋಡಿ. 2020ರ ಫೆಬ್ರುವರಿಯಲ್ಲಿ ಐಕಳದ ಓಟದ ಕರೆಯಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಸುದ್ದಿ ಹಬ್ಬಿದ ಮೇಲೆ ಕಂಬಳವನ್ನು ಸೆರೆಹಿಡಿಯುವ ಆಸೆ ಎಲ್ಲರಿಗೂ ಹೆಚ್ಚಿತು. ಬೆಂಗಳೂರಿನಿಂದ ಬೈಕಿನಲ್ಲಿ ಘಾಟಿ ಇಳಿದು ಬಂದವರು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಸಾಲಾಗಿ ನಿಂತು, ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗದಲ್ಲಿ ಕೆಸರುನೀರನ್ನು ಗಾಳಿಯಲ್ಲಿ ನಿಲ್ಲಿಸುತ್ತಾರೆ. ಬಾಯಿ ತೆರೆದ ಕೋಣ, ಗಾಳಿಯಲ್ಲಿ ತೇಲುವ ಓಟಗಾರ, ಬೆಳಕಿಗೆ ಹೊಳೆಯುವ ಹನಿ. ಚೆಂದವಾಗಿಯೇ ಬರುತ್ತದೆ, ಎಲ್ಲರಿಗೂ ಒಂದೇ ರೀತಿ ಚೆಂದವಾಗಿ. ಓಟ ಕೆಲವೇ ಸೆಕೆಂಡಿನದು. ಕಂಬಳದ ಬದುಕು ವರ್ಷವಿಡೀ ನಡೆಯುವಂಥದ್ದು. ಆಟಿ ತಿಂಗಳ ಮಳೆಯಲ್ಲಿ ಹಟ್ಟಿಯೊಳಗೆ ಹುರುಳಿ ಬೇಯುತ್ತಿರುತ್ತದೆ. ಕೋಣಗಳಿಗೆ ಎಣ್ಣೆ ತಿಕ್ಕಿ ಮೀಯಿಸುತ್ತಾರೆ. ಸೀಸನ್ನಿಗೆ ಮೊದಲು ಕುದಿ, ಅಂದರೆ ಅಭ್ಯಾಸದ ಓಟ, ಓಡಿಸುತ್ತಾರೆ. ಕಂಬಳದ ರಾತ್ರಿ ಎರಡು ಗಂಟೆಗೆ ಯಜಮಾನರು ತಮ್ಮ ಜೋಡಿಯ ಸರದಿಗೆ ಕಾಯುತ್ತ ನಿಂತಿರುತ್ತಾರೆ. ಇದೆಲ್ಲ ಸಿಗುವುದು ಆ ಮನೆಗೆ ಆಗಸ್ಟಿನಲ್ಲೂ ಹೋಗುವವರಿಗೆ, ಜನವರಿಯಲ್ಲೂ ಹೋಗುವವರಿಗೆ, ಬರಿಗೈಯಲ್ಲಿ ಕೂತು ಚಹಾ ಕುಡಿದು ಬರುವವರಿಗೆ. ಬೈಕು ಅಂಥ ಓಡಾಟಕ್ಕೆ ಹೇಳಿ ಮಾಡಿಸಿದ ವಾಹನ. ಕಾರು ಹೋಗದ ತೋಟದ ದಾರಿಯಲ್ಲಿ ಹೋಗುತ್ತದೆ, ಕಂಡಲ್ಲಿ ನಿಲ್ಲುತ್ತದೆ. ಅದನ್ನು ಹಟ್ಟಿಯ ಹಿಂದೆ ನಿಲ್ಲಿಸಿ ಮರೆತರೆ ಸಾಕು.

ಕೊನೆಯದಾಗಿ ಫ್ರೀಲಾನ್ಸ್ ವಿಷಯ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಬಹುಕಾಲ ಆ ದಾರಿಯಲ್ಲೇ ದುಡಿದರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ದೇಶ ತಿರುಗಿ, ಕೊನೆಯ ವರ್ಷಗಳನ್ನು ಮೈಸೂರಿನಲ್ಲೇ ಕಳೆದು 2009ರಲ್ಲಿ ತೀರಿಕೊಂಡರು. ಸಾಮಾನ್ಯ ಜನರ ಬದುಕನ್ನು ಅಷ್ಟು ಹತ್ತಿರದಿಂದ ತೆಗೆದ ಅವರು ಚಿತ್ರಕ್ಕೆ ಸಿಕ್ಕಬೇಕಾದ ಹಣವನ್ನು ಕೇಳಿ ಪಡೆಯುವ ವೃತ್ತಿಯವರೂ ಆಗಿದ್ದರು. ಇಂದು ಪಿಂಚಣಿ ಇರುವ ಹಿರಿಯರು ಫ್ರೀಲಾನ್ಸರ್ ಎಂದು ಕಾರ್ಡು ಅಚ್ಚು ಹಾಕಿಸಿ, ಹೆಸರು ಬಂದರೆ ಸಾಕು ಎಂದು ಪುರವಣಿಗೂ ರೆಸಾರ್ಟಿಗೂ ಚಿತ್ರಗಳನ್ನು ಪುಕ್ಕಟೆ ಕೊಡುತ್ತಾರೆ. ಇದರ ಹೊಡೆತ ಬೀಳುವುದು ಜಿಲ್ಲಾ ಕೇಂದ್ರದಲ್ಲಿ ಚಿತ್ರ ಮಾರಿ ಬಾಡಿಗೆ ಕಟ್ಟುವ ಇಪ್ಪತ್ತೆಂಟರ ಹುಡುಗನ ಮೇಲೆ, ಹುಡುಗಿಯ ಮೇಲೆ. ಸಂಪಾದಕರು ಈ ಹಿರಿಯರಿಗೂ ಬಿಲ್ಲು ಕೇಳಿ ಹಣ ಕೊಡಲಿ. ಕೊಡುವ ಮೊದಲು, ಮುಂದಿನ ಸಲ ಲಡಾಖಿನ ಹದಿನೈದು ದಿನದ ಬದಲು ಅವರ ತಾಲ್ಲೂಕಿನ ಒಂದೇ ಸಂತೆಯ ಒಂದು ವರ್ಷದ ಚಿತ್ರಗಳನ್ನು ಕೇಳಲಿ. ಪ್ರತಿ ಚಿತ್ರದ ಕೆಳಗೆ ಊರು, ತಾರೀಖು, ಚಿತ್ರದಲ್ಲಿರುವವರ ಹೆಸರು ಇಲ್ಲದಿದ್ದರೆ ವಾಪಸು ಕಳಿಸಲಿ.